ಹತ್ತನೆಯ ಪೆಂಟೆ

ಇವತ್ತಾದರೂ ಮೂರೂ ಉಂಡೆಗಳನ್ನು ತಾನೇ ತಿಂದು ಮುಗಿಸಬೇಕು ಎಂದು ಹೊರಸಿನಿಂದ ಏಳುವಾಗಲೇ ಸಿದ್ದವ್ವ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಆದರೆ ಕಾಲುಗಳಿಗೆ ಮೂರು ತಿಂಗಳ ರೂಢಿ. ಅವು ತಮ್ಮ ಪಾಡಿಗೆ ಹಿತ್ತಲ ಕೊಟ್ಟಿಗೆಗೆ ನಡೆದವು, ಕೈ ತನ್ನ ಪಾಡಿಗೆ ಸೆರಗಿನ ಗಂಟು ಬಿಚ್ಚಿತು. ಎಮ್ಮೆ, ಬೀಗರ ಮನೆಯ ಊಟಕ್ಕೆ ಕುಳಿತ ಹಿರಿಯರ ಹಾಗೆ, ಯಾವ ಅವಸರವೂ ಇಲ್ಲದೆ ಮುಖ ತಿರುಗಿಸಿ, ಒರಟು ನಾಲಗೆಯಿಂದ ಅವಳ ಅಂಗೈ ಒರೆಸಿ, ಎರಡು ಅಂಟಿನುಂಡೆಗಳನ್ನು ಒಳಗೆ ಇಳಿಸಿಕೊಂಡಿತು. ಉತ್ತತ್ತಿ, ಕೊಬ್ಬರಿ, ಗಸಗಸೆ, ಹುರಿದ ಅಂಟು, ಮೇಲೆ ಕೈ ಜಾರುವಷ್ಟು ತುಪ್ಪ. ಗಜೇಂದ್ರಗಡದಲ್ಲಿ ಇಂಥ ಬಾಣಂತನ ಮಾಡಿಸಿಕೊಂಡ ಎಮ್ಮೆ ಇನ್ನೊಂದಿರಲಿಕ್ಕಿಲ್ಲ. ಅದರ ಬೆನ್ನು ಮಿರಿಮಿರಿ ಮಿಂಚುತ್ತಿತ್ತು. ಹಾಲಿನ ಮೇಲೆ ಬೆರಳು ದಪ್ಪ ಕೆನೆ ಕಟ್ಟುತ್ತಿತ್ತು. ಈ ವರ್ಷದ ಮೇವೇ ಮೇವು ಎಂದು ಅವ್ವ ಹುಚ್ಚವ್ವ ಓಣಿಯಲ್ಲೆಲ್ಲ ಹೇಳಿಕೊಂಡು, ಆ ಕೆನೆ ಕಡೆದು, ಬೆಣ್ಣೆ ಕಾಸಿ, ತುಪ್ಪವನ್ನು ಮತ್ತೆ ಮಗಳ ಉಂಡೆಗೇ ಸುರಿಯುತ್ತಿದ್ದಳು. ಮಗಳು ಆ ಉಂಡೆಯನ್ನು ಮತ್ತೆ ಎಮ್ಮೆಗೆ. ಈ ಗಾಣ ಹೀಗೇ ಸುತ್ತುತ್ತಿತ್ತು. ಯಾರಿಗೂ ನಷ್ಟವಿರಲಿಲ್ಲ, ಅವ್ವನಿಗೆ ಮಾಡಿದ ಮೋಸವೊಂದನ್ನು ಬಿಟ್ಟರೆ. ಸಿದ್ದವ್ವ ಉಳಿದ ಒಂದು ಉಂಡೆಯನ್ನು ಬಾಯಿಗೆ ಹಾಕಿಕೊಂಡು, ಜಿಗುಟು ಕೈಯನ್ನು ಎಮ್ಮೆಯ ಕತ್ತಿಗೆ ಒರೆಸಿ ಒಳಗೆ ಬಂದಳು. ಇವತ್ತು ಸೋಮವಾರ. ಇವತ್ತೇ ಅವಳನ್ನು ತೂಗುವುದಿತ್ತು.

ತೂಗುವ ಮಾತು ಹುಟ್ಟಿದ್ದು ಏಳನೆಯ ತಿಂಗಳ ಕುಬುಸದ ದಿನ. ಜಕ್ಕಲಿಯ ಗಂಡನ ಮನೆಗೆ ಹಸಿರು ಕುಬುಸ ತಂದ ಅವ್ವ, ಅದನ್ನು ತೊಡಿಸುತ್ತ ತೊಡಿಸುತ್ತ ಕೈ ನಿಲ್ಲಿಸಿಬಿಟ್ಟಿದ್ದಳು. ಮಗಳ ಕೊರಳ ಕೆಳಗಿನ ಎಲುಬುಗಳ ಸಂದಿನಲ್ಲಿ ಕುಂಕುಮದ ಭರಣಿ ಇಡಬಹುದಿತ್ತು. ಅತ್ತೆ ಕಲ್ಲವ್ವನ ಮನೆಯಲ್ಲಿ ಬಸುರಿಗೆ ಹೊತ್ತಿಗೆ ಅರ್ಧ ರೊಟ್ಟಿ. ಕೂಸು ದಪ್ಪವಾದರೆ ಹೆರಿಗೆ ಕಷ್ಟ, ಹೊಟ್ಟೆ ತುಂಬ ಉಂಡರೆ ಕೂಸಿಗೆ ಜಾಗ ಎಲ್ಲಿ, ಎಂಬುದು ಅವಳ ಲೆಕ್ಕ. ಜಿಪುಣತನವೇನಲ್ಲ, ಮನೆಯಲ್ಲಿ ಹಗೇವು ತುಂಬ ಜೋಳವಿತ್ತು. ಅವಳ ಸ್ವಂತ ತಂಗಿ ಮೂರು ದಿನ ನೋವು ತಿಂದು, ಹೊರಬರಲಾರದಷ್ಟು ದೊಡ್ಡ ಕೂಸನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹೋಗಿದ್ದಳು. ಆ ಕಥೆಯನ್ನು ಕಲ್ಲವ್ವ ಒಂದೇ ಸಲ ಹೇಳಿದ್ದಳು, ರೊಟ್ಟಿ ಮುರಿಯುತ್ತ, ಸೊಸೆಯ ಮುಖ ನೋಡದೆ. ಆಮೇಲೆ ಆ ಅರ್ಧ ರೊಟ್ಟಿಯನ್ನು ಬೇಡವೆನ್ನುವ ಧೈರ್ಯವೂ, ಇನ್ನರ್ಧ ಕೇಳುವ ಧೈರ್ಯವೂ ಸಿದ್ದವ್ವನಿಗೆ ಬರಲಿಲ್ಲ. ಅವಳು ಹಸಿವೆಯನ್ನು ನೀರು ಕುಡಿದು ಮಲಗಿಸುತ್ತಿದ್ದಳು. ಅವ್ವನಿಗೆ ಇದ್ಯಾವುದೂ ಗೊತ್ತಿಲ್ಲ, ಎಲುಬು ಮಾತ್ರ ಕಂಡಿತು. ಗಜೇಂದ್ರಗಡಕ್ಕೆ ಕರೆತಂದ ದಿನವೇ ಅಪ್ಪನ ಬೆಲ್ಲದ ಅಂಗಡಿಯ ದೊಡ್ಡ ತಕ್ಕಡಿಯಲ್ಲಿ ಕೂರಿಸಿದಳು. ಹೊಟ್ಟೆಯ ಕೂಸೂ ಸೇರಿ ಏಳು ಪೆಂಟೆ, ಏಳು ದೊಡ್ಡ ಬೆಲ್ಲದಚ್ಚುಗಳ ತೂಕ. ಅಲ್ಲೇ ನಿಂತು ಗುಡ್ಡದ ಕಾಲಕಾಲೇಶ್ವರನಿಗೆ ಕೈಮುಗಿದು, ಹೆತ್ತು ಐದು ತಿಂಗಳಿಗೆ ಗಂಡನ ಮನೆಗೆ ಹೊರಡುವ ಮುಂಚೆ ಮಗಳು ಎಷ್ಟು ತೂಗುತ್ತಾಳೋ ಅಷ್ಟು ಬೆಲ್ಲ ನಿನಗೆ, ಎಂದು ಹರಕೆ ಹೊತ್ತುಕೊಂಡಳು. ದೇವರಿಗೆ ಬೆಲ್ಲ ಸಿಗಲಿ ಎಂಬುದಕ್ಕಿಂತ ಬೀಗಿತ್ತಿಗೆ ಬುದ್ಧಿ ಬರಲಿ ಎಂಬುದೇ ಆ ಹರಕೆಯ ತಿರುಳು ಎಂದು ಸಿದ್ದವ್ವನಿಗೆ ಆಗಲೇ ಅನಿಸಿತ್ತು.

ಕೂಸು ಸಣ್ಣದಾಗಿಯೇ ಹುಟ್ಟಿತು, ಆದರೆ ಗಟ್ಟಿಯಾಗಿ ಅತ್ತಿತು. ಆಮೇಲೆ ಎರಡು ತಿಂಗಳು ಸಿದ್ದವ್ವ ತಿಂದಳು. ಅದನ್ನು ನೆನೆದರೆ ಈಗಲೂ ಬಾಯಲ್ಲಿ ನೀರು, ಜೊತೆಗೆ ನಾಚಿಕೆ. ಕುಂಚಿಗೆಯ ಒಳಗೆ ಕಿವಿ ಮುಚ್ಚಿಕೊಂಡು, ಹೊರಸಿನ ಕೆಳಗೆ ಕುಳ್ಳಿನ ಕೆಂಡದ ಬಿಸಿ, ಲೋಬಾನದ ಹೊಗೆ, ಕೈಗೊಂದು ಬಟ್ಟಲು. ಅಳ್ವಿ ಬೀಜದ ಪಾಯಸ, ಶುಂಠಿ ಖಾರ, ತುಪ್ಪದಲ್ಲಿ ಮುಳುಗಿದ ಅನ್ನ, ದಿನಕ್ಕೆ ಮೂರು ಉಂಡೆ. ಬೇಡ ಎನ್ನುವ ಮುಂಚೆಯೇ ಅವ್ವನ ಕೈ ಬಾಯಿಗೆ ಬರುತ್ತಿತ್ತು, ಕೂಸಿನದೂ ಸೇರಿ ತಿನ್ನು ಎಂದು. ಬಸುರಿಯಾಗಿ ಬಿಟ್ಟಿದ್ದ ಹಸಿವೆಯನ್ನೆಲ್ಲ ಬಡ್ಡಿಸಹಿತ ತೀರಿಸಿಕೊಂಡಳೆನ್ನಬೇಕು. ಆದರೆ ಎರಡನೆಯ ತಿಂಗಳ ಕೊನೆಗೆ ಹೊರಸಿನಿಂದ ಏಳಲು ಗೋಡೆ ಹಿಡಿಯಬೇಕಾಯಿತು. ಕೂತರೆ ಮೊಣಕಾಲು ಕಟಕಟ, ನಾಲ್ಕು ಹೆಜ್ಜೆಗೆ ಏದುಸಿರು. ದಿನಾ ಎರೆಯಲು ಬರುತ್ತಿದ್ದ ಸೂಲಗಿತ್ತಿ ರಮಜಾನಬಿ ಒಂದು ದಿನ ಬಿಸಿನೀರಿನ ತಂಬಿಗೆಯನ್ನು ಅರ್ಧಕ್ಕೇ ನಿಲ್ಲಿಸಿ, ಹೊಟ್ಟೆಗೆ ಕಟ್ಟುವ ಪಟ್ಟಿಯನ್ನು ಎತ್ತಿ ತೋರಿಸಿದಳು. ಗಂಟು ಹಾಕಲು ತುದಿಯೇ ಉಳಿದಿರಲಿಲ್ಲ.

“ಎರಡು ಜೀವ ಅಂದ್ರ ಎರಡು ಹೊಟ್ಟಿ ಅಲ್ಲ, ತಂಗೀ. ಈಗಂತೂ ಕೂಸು ಹೊರಗ ಬಂದೈತಿ. ಅದಕ್ಕ ಬೇಕಾದ್ದು ನಿನ್ನ ಹಾಲು, ನಿನ್ನ ಮೈಯಾಗಿನ ತುಪ್ಪ ಅಲ್ಲ.”

ಹಾಗೆಂದು ಉಪವಾಸ ಬೀಳಬೇಡ ಎಂದೂ ಅವಳೇ ಹೇಳಿದ್ದಳು. ಹಾಲು ಕುಡಿಸುವವಳು ಮುಂಚಿಗಿಂತ ಒಂದು ತುತ್ತು ಹೆಚ್ಚೇ ಉಣ್ಣಬೇಕು; ಆದರೆ ಹೆಸರುಕಾಳು ಉಣ್ಣು, ಸೊಪ್ಪು ಉಣ್ಣು, ನೀರು ಕುಡಿ, ಉಂಡೆ ದಿನಕ್ಕೊಂದು ಸಾಕು, ಬೆಳಗ್ಗೆ ಸಂಜೆ ಹಿತ್ತಲಲ್ಲಿ ತಿರುಗು, ಮೈ ತಾನಾಗಿ ನಿಧಾನಕ್ಕೆ ಇಳಿಯುತ್ತದೆ, ಒಂದೇ ಸಲ ಇಳಿಸಲು ಹೋಗಬೇಡ. ಆ ಕೈಯಲ್ಲಿ ನಾಲ್ಕು ನೂರು ಕೂಸು ಹುಟ್ಟಿದ್ದವು, ಸಿದ್ದವ್ವನೂ ಅವುಗಳಲ್ಲೊಬ್ಬಳು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಅವಳಿಗೆ ಅವತ್ತು ಮೊದಲ ಸಲ ತನ್ನ ಮೇಲೇ ಹೇಳಿದ ಹಾಗೆ ಕೇಳಿಸಿತು. ತಾನು ಊಟವನ್ನು ಬಲ್ಲವಳೇ? ಜಕ್ಕಲಿಯಲ್ಲಿ ಕೊಟ್ಟಷ್ಟು ಉಂಡಳು, ಇಲ್ಲಿ ತುರುಕಿದಷ್ಟು ಉಂಡಳು. ಹೊಟ್ಟೆ ಅವಳದು, ಅದರ ಯಜಮಾನಿಕೆ ಮಾತ್ರ ಬೇರೆಯವರದು.

ಅವ್ವನಿಗೆ ಹೇಳಲಿಲ್ಲವೆಂದೇನಲ್ಲ. ಒಮ್ಮೆ ಹೇಳಿದಳು, ಒಂದೇ ಉಂಡೆ ಸಾಕು ಎಂದು. ಅವ್ವ ತಟ್ಟೆಯನ್ನು ಅಲ್ಲೇ ಇಟ್ಟು, ಒಲೆಯ ಮುಂದೆ ಹೋಗಿ ಕುಳಿತು, ಸಂಜೆಯವರೆಗೆ ಬೆನ್ನನ್ನೇ ತೋರಿಸಿದಳು. ನನ್ನ ಕೈ ಅಡುಗೆ ಬೇಡವಾಯಿತೇ, ಅಲ್ಲಿಯ ಅರ್ಧ ರೊಟ್ಟಿಯೇ ರುಚಿಯಾಯಿತೇ ಎಂದು ಆ ಬೆನ್ನು ಕೇಳುತ್ತಿತ್ತು. ಮರುದಿನ ಸಿದ್ದವ್ವ ಮೂರನ್ನೂ ತೆಗೆದುಕೊಂಡು, ತಿರುಗಾಡಿಕೊಂಡು ತಿನ್ನುತ್ತೇನೆಂದು ಹಿತ್ತಲಿಗೆ ಹೋದಳು. ಎಮ್ಮೆಗೆ ಯಾವ ತಕರಾರೂ ಇರಲಿಲ್ಲ. ಹಾಗೆ ಮೂರು ತಿಂಗಳಲ್ಲಿ ಪಟ್ಟಿಗೆ ಗಂಟೂ ಬಂತು, ಗಂಟಿನ ಮುಂದೆ ಗೇಣುದ್ದ ತುದಿಯೂ ಬಂತು, ಮೊಣಕಾಲು ಸುಮ್ಮನಾಯಿತು, ಹಾಲು ಮಾತ್ರ ಹನಿಯೂ ಕಡಿಮೆಯಾಗಲಿಲ್ಲ. ಕೂಸು ಉಬ್ಬಿದ ರೊಟ್ಟಿಯಂಥ ಕೆನ್ನೆ ಮಾಡಿಕೊಂಡಿತು. ಸೀರೆ, ಸೆರಗು, ಕುಂಚಿಗೆ, ಶಾಲುಗಳ ಒಳಗೆ ಅವಳು ಎಷ್ಟಿದ್ದಾಳೆಂದು ಅವ್ವನಿಗೆ ಕಾಣುವಂತಿರಲಿಲ್ಲ. ಆದರೆ ಅಪ್ಪ ಮಹಾಲಿಂಗಪ್ಪನ ಕಣ್ಣೇ ಬೇರೆ. ನಲವತ್ತು ವರ್ಷ ಬೆಲ್ಲ ತೂಗಿದವನು. ಹೋಗುವ ಹೋರಿಯನ್ನು ನೋಡಿ ಇಷ್ಟು ಮಣ ಎನ್ನುವವನು. ಎಂಟು ದಿನದ ಹಿಂದೆ ಅವಳು ಪಡಸಾಲೆ ದಾಟುವಾಗ ಅವನು ತಲೆಯೆತ್ತಿ ನೋಡಿ, ತನ್ನಷ್ಟಕ್ಕೆ “ಒಂಬತ್ತು” ಎಂದು ಗೊಣಗಿ, ಮತ್ತೆ ಎಲೆಗೆ ಸುಣ್ಣ ಹಚ್ಚತೊಡಗಿದ್ದ. ಅವ್ವ ಅಷ್ಟರಲ್ಲಾಗಲೇ ಓಣಿಗೆಲ್ಲ ಹತ್ತು ಪೆಂಟೆ ಎಂದು ಸಾರಿ, ಹತ್ತು ಪೆಂಟೆಗಳನ್ನು ಒರೆಸಿ, ವಿಭೂತಿ ಹಚ್ಚಿ, ದೇವರ ಮನೆಯಲ್ಲಿ ಸಾಲಾಗಿ ಕೂರಿಸಿಬಿಟ್ಟಿದ್ದಳು.

ನಿನ್ನೆ ಸಂಜೆ ಜಕ್ಕಲಿಯಿಂದ ಚಕ್ಕಡಿ ಬಂತು. ಗಂಡ ಈಶಪ್ಪ ಇಳಿದು, ಕೂಸನ್ನು ನೋಡಿ, ಆಮೇಲೆ ಹೆಂಡತಿಯ ಕಡೆ ನೋಡಿ, ಚಲೋ ಆಗೀದಿ ಎಂದ. ಅದಾದ ಮೇಲೆ ಏನು ಹೇಳಬೇಕೆಂದು ತಿಳಿಯದೆ ಎತ್ತಿನ ಕೊರಳು ತುರಿಸತೊಡಗಿದ. ಚಲೋ ಎಂದರೆ ದಪ್ಪವೋ, ತೆಳುವೋ? ಅವಳು ರಾತ್ರಿ ಊಟದವರೆಗೂ ಆ ಒಂದು ಮಾತನ್ನು ತಿರುವಿ ಹಾಕಿದಳು. ಚಕ್ಕಡಿಯಲ್ಲಿ ಅತ್ತೆ ಕಲ್ಲವ್ವನೂ ಬಂದಿದ್ದಳು. ಸೊಸೆಯ ರಟ್ಟೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, ಕೈ ತೆಗೆದಳು. ಸಂತೆಯಲ್ಲಿ ಬದನೆಕಾಯಿಯನ್ನು ಜನ ಹಾಗೆ ಒತ್ತುತ್ತಾರೆ. ಸಿಟ್ಟು ಬರಬೇಕಿತ್ತು, ಆದರೆ ಅದೇ ಎರಡು ಬೆರಳು ಆಮೇಲೆ ಕೂಸಿನ ರಟ್ಟೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ಹಿಡಿದದ್ದು ಕಂಡು ಸಿಟ್ಟು ಬರಲಿಲ್ಲ.

ಇವತ್ತು ಬೆಳಿಗ್ಗೆ ಎಮ್ಮೆಯ ಪಾಲು ಮುಗಿಸಿ ಒಳಬಂದವಳಿಗೆ, ತಕ್ಕಡಿಯ ಈ ಕಡೆ ಒಂಬತ್ತರ ತಾನು, ಆ ಕಡೆ ಹತ್ತರ ಬೆಲ್ಲ, ನಡುವೆ ಅವ್ವನ ಮುಖ ಕಂಡಿತು. ಬೀಗಿತ್ತಿಯ ಮುಂದೆ, ಓಣಿಯ ಮುಂದೆ ಆ ಮುಖ ಇಳಿದುಹೋಗುವುದನ್ನು ನೋಡುವುದಕ್ಕಿಂತ ಮೂರು ತಿಂಗಳು ಎಲ್ಲ ಉಂಡೆ ತಿಂದಿದ್ದರೇ ಚೆನ್ನಾಗಿತ್ತು. ಅಪ್ಪ ಸ್ನಾನಕ್ಕೆ ಹೋದ ಹೊತ್ತು ನೋಡಿ ಅವಳು ಅಂಗಡಿಗೆ ನಡೆದಳು. ಹಲಗೆಯ ಮೇಲೆ ಕಬ್ಬಿಣದ ತೂಕದ ಕಲ್ಲುಗಳು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿದ್ದವು. ರೋಣದ ಸೇರು ಬೇರೆ, ನರಗುಂದದ ಸೇರು ಬೇರೆ, ಇಲ್ಲಿಯದು ಎಲ್ಲಕ್ಕೂ ಸಣ್ಣದು; ನರಗುಂದದಲ್ಲಿ ತೂಗಿಸಿಕೊಂಡು ಹೊರಟವನು ನಮ್ಮ ಊರು ಮುಟ್ಟುವುದರೊಳಗೆ ಉಣ್ಣದೆಯೇ ದಪ್ಪಗಾಗಿರುತ್ತಾನೆ ಎಂದು ಅಪ್ಪ ನಗುತ್ತಿದ್ದ. ಈ ಕುಂಪಣಿಯವರು ಬಂದು ಎಲ್ಲ ಕಡೆ ಒಂದೇ ಮಾಡುತ್ತಾರಂತೆ, ಮಾಡಲಿ, ನನ್ನ ಕಲ್ಲಿಗೆ ಭಯವಿಲ್ಲ ಎನ್ನುತ್ತಿದ್ದ. ಅಂಥ ಅಪ್ಪನ ಕಲ್ಲುಗಳಲ್ಲಿ ಎರಡನ್ನು, ಎರಡೂ ಸೇರಿ ಒಂದು ಪೆಂಟೆಯಾಗುವಂಥವನ್ನು, ಅವಳು ಎತ್ತಿ ಹೊಟ್ಟೆಯ ಪಟ್ಟಿಯೊಳಗೆ ಸಿಕ್ಕಿಸಿ ಬಿಗಿದುಕೊಂಡಳು. ಕಬ್ಬಿಣ ತಣ್ಣಗೆ ಕೊರೆಯಿತು. ಏಳನೆಯ ತಿಂಗಳು ಮತ್ತೆ ಬಂದ ಹಾಗೆ ಸೊಂಟ ಹಿಂದಕ್ಕೆ ಜಗ್ಗಿತು. ಉಣ್ಣದ ಉಂಡೆಯ ತೂಕವನ್ನು ಹೀಗೆ ಹೊರಬೇಕಾಯಿತಲ್ಲ ಎಂದು ನಗುವೂ ಬಂತು, ಮರುಕ್ಷಣವೇ ಇದು ದೇವರ ತೂಕ ಎಂದು ನೆನಪಾಗಿ ಗುಡ್ಡದ ಕಡೆ ತಿರುಗಿ ಕೆನ್ನೆ ಬಡಿದುಕೊಂಡಳು.

ಬಿಸಿಲು ಅಂಗಡಿಯ ಕಟ್ಟೆಗೆ ಬಂದಾಗ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ತೊಲೆಗೆ ಕಟ್ಟಿದ ತಕ್ಕಡಿಯ ಒಂದು ಪರಡಿಯಲ್ಲಿ ಸಿದ್ದವ್ವ ಕಾಲು ಮಡಚಿ ಕುಳಿತಳು. ಕೂಸು ರಮಜಾನಬಿಯ ತೋಳಲ್ಲಿತ್ತು. ಹಮಾಲ ಮಾಳಪ್ಪ ಎದುರಿನ ಪರಡಿಗೆ ಬೆಲ್ಲ ಪೇರಿಸತೊಡಗಿದ, ಅಪ್ಪ ಎಂದಿನಂತೆ ಒಂದು ಎನ್ನದೆ “ಲಾಭ” ಎಂದು ಶುರು ಮಾಡಿ ಎರಡು, ಮೂರು ಎಂದು ಎಣಿಸುತ್ತ ಹೋದ. ಎಂಟಕ್ಕೆ ಬಂದಾಗ ಅವನ ಕಣ್ಣು ರೂಢಿಯಂತೆ ಹಲಗೆಯ ಕಡೆ ಹೊರಳಿತು. ಸಾಲಿನಲ್ಲಿ ಎರಡು ಹಲ್ಲು ಬಿದ್ದಿದ್ದವು. ಅವನು ಅಲ್ಲಿಂದ ಮಗಳ ಮುಖಕ್ಕೆ, ಮುಖದಿಂದ ಅವಳ ಸೊಂಟಕ್ಕೆ ಬಂದು, ಕಣ್ಣು ಕೆಳಗೆ ಹಾಕಿದ. ಒಂಬತ್ತು ಎಂದದ್ದು ಕೇಳಿಸಿತು, ಹತ್ತು ಎಂದದ್ದು ಕೇಳಿಸಲಿಲ್ಲ. ಮಾಳಪ್ಪ ಹಗ್ಗ ಜಗ್ಗಿದ. ಪರಡಿಗಳು ನೆಲ ಬಿಟ್ಟವು, ಸ್ವಲ್ಪ ಆಡಿದವು, ಮುಳ್ಳು ಬಂದು ನಡುವೆ ನಿಂತಿತು.

ಅವ್ವನ ಮುಖ ಬೆಳಗಿತು. ಇದಕ್ಕಾಗಿಯೇ ಅಲ್ಲವೇ ಎಲ್ಲ, ಇದೊಂದನ್ನು ನೋಡಿ ಇಳಿದುಬಿಡಬಹುದಿತ್ತು. ಆದರೆ ಅವ್ವ ತಿರುಗಿ, ಓಣಿಗೆಲ್ಲ ಕೇಳುವಂತೆ, ಕಲ್ಲವ್ವನಿಗೆ ಹೇಳಿದಳು.

“ನಿಮ್ಮನ್ಯಾಗ ಹೊಟ್ಟ್ಯಾಗಿನ ಕೂಸು ಸೇರಿ ಏಳು ಇತ್ರಿ ಬೀಗತೇರ. ನಮ್ಮನ್ಯಾಗ ಕೂಸು ಬಿಟ್ಟು ಹತ್ತು. ನೋಡ್ಕೋರಿ.”

ಕಲ್ಲವ್ವ ತಲೆ ತಗ್ಗಿಸಿದಳು. ಬಿಳಿಯ ಬೈತಲೆ, ಬಿಸಿಲಿಗೆ ಕಂಡ ತೆಳುಗೂದಲು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು. ಆ ಏಳರ ಮಾತಿಗೆ ಅವಳು ತಕ್ಕವಳೇ ಹೌದು, ಅದು ಖರೆ. ಆದರೆ ಈ ಹತ್ತಕ್ಕೆ? ಹತ್ತರಲ್ಲಿ ಒಂದು ಕಬ್ಬಿಣ. ಸತ್ತ ತಂಗಿಯ ಭಯದಿಂದ ರೊಟ್ಟಿ ಮುರಿದವಳನ್ನು ಹೊಡೆಯಲು ಅಪ್ಪನ ಅಂಗಡಿಯ ಕಲ್ಲುಗಳನ್ನು ತಾನೇ ಕದ್ದು ತಂದುಕೊಟ್ಟ ಹಾಗಾಯಿತಲ್ಲ ಎಂದು ಸಿದ್ದವ್ವ ಅಪ್ಪನ ಕಡೆ ನೋಡಿದಳು. ಅಪ್ಪ ಮುಳ್ಳನ್ನು ನೋಡುತ್ತಿರಲಿಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ ತನ್ನದೇ ತಕ್ಕಡಿಗೆ ಬೆನ್ನು ಮಾಡಿ, ರಸ್ತೆಯ ಕಡೆ ನೋಡುತ್ತಿದ್ದ. ಅವನು ಹೇಳುವುದಿಲ್ಲ. ಹೇಳದೆಯೇ ಸಾಯುವವರೆಗೆ ಇಟ್ಟುಕೊಳ್ಳುತ್ತಾನೆ.

“ಎಪ್ಪಾ, ಕೈ ಒಡ್ಡು,” ಎಂದಳು.

ಅವನು ತಿರುಗಿದ. ಅವಳು ಸೆರಗಿನ ಮರೆಯಲ್ಲಿ ಪಟ್ಟಿಯೊಳಗೆ ಕೈ ಹಾಕಿ ಒಂದು ಕಲ್ಲು ತೆಗೆದು ಅವನ ಅಂಗೈಗೆ ಇಟ್ಟಳು. ಪರಡಿ ತೂಗಾಡಿತು. ಎರಡನೆಯದನ್ನು ಇಟ್ಟಳೋ ಇಲ್ಲವೋ, ಬೆಲ್ಲದ ಕಡೆ ದಡ್ಡನೆ ನೆಲಕ್ಕೆ ಕುಳಿತು, ಇತ್ತ ಅವಳು ಗಕ್ಕನೆ ಮೇಲೆದ್ದಳು. ಸುಳ್ಳು ಹೇಳುವಾಗ ನೆಲದ ಹತ್ತಿರ ಮರ್ಯಾದೆಯಿಂದ ಇದ್ದವಳು, ಖರೆ ಹೇಳಿದ ಮೇಲೆ ಪೇಟೆಗೆಲ್ಲ ಕಾಣುವಂತೆ ಗಾಳಿಯಲ್ಲಿ ನೇತಾಡಬೇಕಾಯಿತು. ಯಾರೋ ಕಿಸಕ್ಕನೆ ನಕ್ಕರು. ಅಲ್ಲಿಂದಲೇ, ಹಗ್ಗ ಹಿಡಿದುಕೊಂಡು, ಅವಳು ಹೇಳಿದಳು.

“ಎವ್ವಾ, ಉಂಡಿ ಎಲ್ಲಾ ನಾ ತಿಂದಿಲ್ಲ. ದಿನಾ ಒಂದು ತಿಂದೀನಿ. ಉಳಿದದ್ದು ಎಮ್ಮಿ ತಿಂದೈತಿ. ನಿನ್ನ ಕೈ ರುಚಿ ಬ್ಯಾಡಾಗಿ ಅಲ್ಲ. ನನಗ ಅಷ್ಟು ಬೇಕಾಗಿರಲಿಲ್ಲ.”

ನಗು ನಿಂತಿತು. ರಮಜಾನಬಿ ಕೂಸಿನ ಮುಖವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಒರೆಸಿದಳು. ಅವ್ವ ಮಗಳ ಕಡೆ ನೋಡಿದಳು, ಆಮೇಲೆ ಬೆಲ್ಲದ ಕಡೆ. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಸಿದ್ದವ್ವ ಮೇಲಿನಿಂದ ಸ್ಪಷ್ಟವಾಗಿ ಕಂಡಳು; ಅಂಥ ಎತ್ತರದಿಂದ ಅವ್ವನನ್ನು ಅವಳು ಎಂದೂ ನೋಡಿರಲಿಲ್ಲ, ಅವ್ವ ಸಣ್ಣವಳಾಗಿ ಕಂಡಳು. ಸುಳ್ಳನ್ನೇ ಉಳಿಸಬೇಕಿತ್ತೇನೋ ಎಂದು ಒಂದು ಗಳಿಗೆ ಅನಿಸಿತು. ಹುಚ್ಚವ್ವ ಮೂಗು ಒರೆಸಿಕೊಂಡು, ಬಗ್ಗಿ, ಹತ್ತನೆಯ ಪೆಂಟೆಯನ್ನು ಎತ್ತಿ ಸೊಂಟದ ಮೇಲೆ ಇಟ್ಟುಕೊಂಡಳು. ಮುಳ್ಳು ನಡುವೆ ಬಂದು ನಿಂತಿತು. ಅಪ್ಪ ಅದನ್ನು ನೋಡಿ, ಗಟ್ಟಿಯಾಗಿ, ಅಂಗಡಿಯ ದನಿಯಲ್ಲಿ “ಒಂಬತ್ತು” ಎಂದ. ಅವ್ವ ಪೆಂಟೆ ಹೊತ್ತು ಮನೆಯೊಳಗೆ, ಮನೆಯಿಂದ ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ಕೊಟ್ಟಿಗೆಯಿಂದ ಬೆಲ್ಲ ಒಡೆಯುವ ಸದ್ದೂ, ಎಮ್ಮೆಗೆ ಅವಳು ಬೈಯುವ ಸದ್ದೂ ಒಟ್ಟಿಗೇ ಬಂದವು. ತಿಂದ ಬಾಣಂತಿ ನೀನು, ತೂಕ ಕೊಟ್ಟವಳು ನನ್ನ ಮಗಳು, ತಗೋ ನಿನ್ನ ಪಾಲು, ಎನ್ನುತ್ತಿದ್ದಳು. ಒಂಬತ್ತು ಪೆಂಟೆಗಳನ್ನು ಮಾಳಪ್ಪನೂ ಈಶಪ್ಪನೂ ಗುಡ್ಡಕ್ಕೆ ಹೊತ್ತರು.

ಮಧ್ಯಾಹ್ನದ ಊಟಕ್ಕೆ ಮೂವರೇ ಹೆಂಗಸರು ಉಳಿದರು. ಸಿದ್ದವ್ವ, ಪಕ್ಕದಲ್ಲಿ ಅತ್ತೆ, ಒಲೆಯ ಮುಂದೆ ಬೆನ್ನು ಮಾಡಿ ಅವ್ವ. ಆ ಬೆನ್ನು ಇವತ್ತು ಸಂಜೆಯವರೆಗೂ ಹೀಗೇ ಎಂದು ಸಿದ್ದವ್ವ ಮನಸ್ಸಿನಲ್ಲೇ ಒಪ್ಪಿಕೊಂಡಿದ್ದಳು. ನಾಡಿದ್ದು ಬುಧವಾರ ಚಕ್ಕಡಿ ಹತ್ತುವಾಗಲೂ ಹೀಗೇ ಇದ್ದರೆ ಏನು ಮಾಡುವುದು, ಜಕ್ಕಲಿಯ ಅರ್ಧ ರೊಟ್ಟಿಯ ಮುಂದೆ ಮತ್ತೆ ಕೂತು ಏನು ಮಾಡುವುದು, ಅಲ್ಲಿ ಕೊಡಲಿಕ್ಕೆ ಎಮ್ಮೆಯ ಪಾಲೂ ಇರುವುದಿಲ್ಲ. ಅಷ್ಟರಲ್ಲಿ ಅವ್ವ ರೊಟ್ಟಿಯ ಬುಟ್ಟಿ ಹಿಡಿದು ತಿರುಗಿದಳು. ಬಗ್ಗಿದವಳು ಬಡಿಸಲಿಲ್ಲ. ತಾಟಿನ ಮೇಲೆ ಕೈ ನಿಂತಿತು.

“ಎಷ್ಟು ಹಾಕ್ಲಿ?”

ಹುಟ್ಟಿದ ಹತ್ತೊಂಬತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಸಿದ್ದವ್ವನಿಗೆ ಕೇಳಿರಲಿಲ್ಲ. ಸಾಕಾದಾಗ ಮುಚ್ಚಿಡುವುದು ಗೊತ್ತಿತ್ತು, ಬೇಕಾದಾಗ ಕೇಳದೆ ನೀರು ಕುಡಿಯುವುದು ಗೊತ್ತಿತ್ತು. ಎಷ್ಟು ಎಂಬುದನ್ನು ಈಗ ಹೊಸದಾಗಿ ಒಳಗೆ ಹುಡುಕಬೇಕಿತ್ತು. ಹುಡುಕಿದಳು. ಹಸಿವೆ ಅಲ್ಲೇ ಇತ್ತು, ತುಂಬ ದೊಡ್ಡದೇನಲ್ಲ, ಮಾತಾಡಿಸಿದರೆ ಓಗೊಡುವಷ್ಟಿತ್ತು. ಕೂಸು ತೊಟ್ಟಿಲಲ್ಲಿ ಕಾಲು ಬಡಿಯಿತು.

“ಒಂದೂವರಿ ರೊಟ್ಟಿ,” ಎಂದಳು. “ತುಪ್ಪ ಒಂದು ಚಮಚ. ಪಲ್ಯ ಮಾತ್ರ ಭಾಳ ಹಾಕು.”

ಪಕ್ಕದಲ್ಲಿ ಕಲ್ಲವ್ವನ ತುಟಿಗಳು ಸದ್ದಿಲ್ಲದೆ ಆಡಿದವು. ಒಂದೂವರೆ, ಒಂದೂವರೆ ಎಂದು ಅವಳು ನೆನಪಿಟ್ಟುಕೊಳ್ಳುತ್ತಿದ್ದಳು, ಊರಿಗೆ ಒಯ್ಯಲಿಕ್ಕೆ. ಸಿದ್ದವ್ವ ಅತ್ತೆಯ ಕಡೆ ಹೊರಳಿದಳು.

“ಇದು ಇವತ್ತಿಂದ್ರಿ ಅತ್ತಿ. ನಾಳಿಂದು ನಾಳೆ ಕೇಳ್ರಿ.”

ಕಲ್ಲವ್ವ ಸೊಸೆಯನ್ನು ಒಂದು ಸಲ ಪೂರ್ತಿ ನೋಡಿ, ಆಗಲಿ ಎನ್ನುವಂತೆ ತಲೆಯಾಡಿಸಿದಳು. ಅವ್ವ ಒಂದು ರೊಟ್ಟಿ ಇಟ್ಟಳು. ಎರಡನೆಯದನ್ನು ಮುರಿದು ಅರ್ಧ ಇಟ್ಟಳು. ಇನ್ನರ್ಧ ಕೈಯಲ್ಲೇ ಉಳಿಯಿತು; ಕೈ ಹಳೆಯ ರೂಢಿಯಿಂದ ತಾಟಿನ ಕಡೆ ಒಮ್ಮೆ ಬಂದು, ಅರ್ಧದಲ್ಲೇ ನಿಂತು, ಹಿಂದಕ್ಕೆ ಹೋಯಿತು. ಎಲ್ಲರದೂ ಮುಗಿಯುವವರೆಗೆ ಒಲೆಯ ಮುಂದೆ ಕಾಯುವ ಅವ್ವ ಅವತ್ತು ಅಲ್ಲೇ ಮಗಳ ಎದುರಿಗೆ ಕುಳಿತು, ಆ ಅರ್ಧ ರೊಟ್ಟಿಗೆ ಪಲ್ಯ ಹಚ್ಚಿಕೊಂಡು ತಾನು ತಿಂದಳು.